ಹೊಸದುರ್ಗದ ಸರ್ಕಲ್‌ನಲ್ಲಿ 1971ರ ಯುದ್ಧದಲ್ಲಿ ಮಡಿದ ಸೇನಾಧಿಕಾರಿಯ ಪುತ್ಥಳಿ ನಿಲ್ಲಿಸಬಹುದೇ?

ಸರ್ಕಲ್‌ನಲ್ಲಿ ಬೇಡ. ರಸ್ತೆ, ಫುಟ್‌ಪಾತ್ ಮೇಲೆ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 18-1-2013ರಂದು ಆದೇಶಿಸಿದೆ. ಹಣ ಸಂಗ್ರಹಿಸಿದ ಮೇಲೆ ಕೆಲಸ ನಿಲ್ಲುವುದು ಇಲ್ಲೇ. ಅವರು ಓದಿದ ಶಾಲೆಯ ಆವರಣ ಒಳ್ಳೆಯ ಜಾಗ. ಮೊದಲು ಮನೆಯವರ ಲಿಖಿತ ಒಪ್ಪಿಗೆ, ಆಮೇಲೆ ಜಾಗದ ಒಡೆತನ ಇರುವವರ ಅನುಮತಿ.

ನಿಜವಾದ ಕಷ್ಟ ಕಲ್ಲಿನ ಬರಹದ್ದು. ಹೆಸರು, ಹುದ್ದೆ, ರೆಜಿಮೆಂಟ್, ಮಡಿದ ದಿನಾಂಕ ಇವನ್ನು ಊರವರ ನೆನಪಿನಿಂದ ಬರೆಯಬೇಡಿ. ಮನೆಯಲ್ಲಿರುವ ಸೇನೆಯ ಪತ್ರ ನೋಡಿ, ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಹೆಸರುಗಳ ಜೊತೆ ತಾಳೆ ಹಾಕಿ. ಆಗಿನ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ ಈಗಿಲ್ಲವೆಂದು 'ಲೆಫ್ಟಿನೆಂಟ್' ಎಂದು ತಿದ್ದುವವರಿದ್ದಾರೆ, ಅದು ತಪ್ಪು. ಮಡಿದ ಮೇಲೆ ಪದಕ ಸಿಕ್ಕಿದ್ದರೆ ಮಾತ್ರ ಅದರ ಹೆಸರಿನ ಜೊತೆ 'ಮರಣೋತ್ತರ' ಸೇರಿಸಿ.

ಕೆತ್ತುವವರಿಗೆ ಬರಹವನ್ನು ಪಿಡಿಎಫ್ ಮಾಡಿಯೇ ಕೊಡಿ. ಫಾಂಟ್ ಬದಲಾದರೆ ಒತ್ತಕ್ಷರ ಚೆಲ್ಲಾಪಿಲ್ಲಿ, ಕಲ್ಲಿನ ಮೇಲೆ ಬಿದ್ದ ತಪ್ಪಿಗೆ ರಬ್ಬರ್ ಇಲ್ಲ! ಕಪ್ಪು ಗ್ರಾನೈಟ್ ಇರಲಿ, ಅಕ್ಷರ ಆಳವಾಗಿ ಕೊರೆಸಿ; ಬರೀ ಬಣ್ಣದ ಅಕ್ಷರ ದುರ್ಗದ ಬಿಸಿಲಿಗೆ ಬೇಗ ಮಾಸುತ್ತದೆ.

ಅನಾವರಣಕ್ಕೆ ಡಿಸೆಂಬರ್ 16, ವಿಜಯ ದಿವಸ, ಸರಿಯಾದ ದಿನ. ಪುತ್ಥಳಿಗೆ ತ್ರಿವರ್ಣ ಧ್ವಜ ಹೊದಿಸಬೇಡಿ, ಧ್ವಜ ಸಂಹಿತೆ ಅದನ್ನು ಒಪ್ಪುವುದಿಲ್ಲ. ಸಾದಾ ಬಟ್ಟೆ ಸಾಕು, ಧ್ವಜ ಪಕ್ಕದಲ್ಲಿ ಪ್ರತ್ಯೇಕವಾಗಿ ಹಾರಲಿ. ಮಾಜಿ ಸೈನಿಕರನ್ನು ಕರೆಯಲು ಸೈನಿಕ ಕಲ್ಯಾಣ ಇಲಾಖೆಗೆ ಮುಂಚಿತವಾಗಿ ಪತ್ರ ಕೊಡಿ.