ಬರಹಗಾರರಿಗೆ ಸಲಹೆ: ಮೆದುಳಿನ ಗಡ್ಡೆಯ ರಕ್ತಸ್ರಾವ ಕುರಿತ ನಿಮ್ಮ ಲೇಖನ

ನಮಸ್ಕಾರ,

ಕ್ಯಾನ್ಸರ್ ಅಲ್ಲದ ಮೆದುಳಿನ ಗಡ್ಡೆಯೊಳಗೂ ರಕ್ತಸ್ರಾವ ಆಗಬಹುದು ಎಂದು ನೀವು ಬರೆದ ಲೇಖನ ಓದಿದೆ. ಬೇಕಾದ ವಿಷಯವೇ. ಆದರೆ ಇದ್ದ ಹಾಗೇ ಹಾಕಲು ಆಗುವುದಿಲ್ಲ.

ಮೊದಲ ಸಾಲಿನಲ್ಲೇ ‘ತಲೆಯೊಳಗಿನ ಟೈಂ ಬಾಂಬ್’ ಎಂದಿದ್ದೀರಿ. ಮೆನಿಂಜಿಯೋಮ (ಮೆದುಳಿನ ಹೊದಿಕೆಯಲ್ಲಿ ಬೆಳೆಯುವ, ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ) ಇದೆ, ಸದ್ಯಕ್ಕೆ ಆಪರೇಷನ್ ಬೇಡ, ಆಗಾಗ ಸ್ಕ್ಯಾನ್ ಮಾಡಿಸಿ ನೋಡೋಣ ಎಂದು ಡಾಕ್ಟರ್ ಹೇಳಿ ಕಳಿಸಿದವರು ಇದನ್ನು ಓದಿದರೆ ಆ ರಾತ್ರಿ ನಿದ್ದೆ ಮಾಡ್ತಾರಾ? ಅಂಥ ಗಡ್ಡೆಯಲ್ಲಿ ರಕ್ತಸ್ರಾವ ಅಪರೂಪ. ಈ ಮಾತನ್ನು ಕೊನೆಗೆ ತಳ್ಳಿದ್ದೀರಿ. ಮೇಲಕ್ಕೆ ತನ್ನಿ.

ಪಿಟ್ಯುಟರಿ ಗ್ರಂಥಿಯ ಗಡ್ಡೆಗೆ ಒಂದೇ ಸಾಲು ಸಿಕ್ಕಿದೆ. ನನ್ನ ಪ್ರಕಾರ ಅರ್ಧ ಲೇಖನ ಅದರದ್ದೇ ಆಗಬೇಕಿತ್ತು. ಮೆದುಳಿನ ತಳದಲ್ಲಿರುವ, ಹಾರ್ಮೋನುಗಳನ್ನು ನಿಯಂತ್ರಿಸುವ ಬಟಾಣಿ ಕಾಳಿನಷ್ಟು ಗ್ರಂಥಿ ಅದು. ಮೇಲ್ಗಡೆ ಎರಡೂ ಕಣ್ಣಿನ ನರಗಳು ಕೂಡುವ ಜಾಗ, ಅಕ್ಕಪಕ್ಕ ಕಣ್ಣುಗುಡ್ಡೆ ಆಡಿಸುವ ನರಗಳು. ಗಡ್ಡೆಯಲ್ಲಿ ರಕ್ತ ತುಂಬಿ ದಿಢೀರನೆ ಊದಿದರೆ ಇವೆಲ್ಲ ಅದುಮಿಹೋಗುತ್ತವೆ. ಅದಕ್ಕೇ ಹಿಂದೆಂದೂ ಕಾಣದಂಥ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು, ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು. ಎಷ್ಟೋ ಜನರಿಗೆ ಗಡ್ಡೆ ಇದೆ ಅಂತ ಗೊತ್ತಾಗುವುದೇ ಆ ದಿನ. ಇದನ್ನು ಬಿಡಿಸಿ ಬರೆಯಿರಿ. ಓದಿದವರು ಮೈಗ್ರೇನ್ ಇರಬೇಕು ಅಂತ ಮಾತ್ರೆ ನುಂಗಿ ಮಲಗಬಾರದು, ಆಸ್ಪತ್ರೆಗೆ ಓಡಬೇಕು.

ಪಿಟ್ಯುಟರಿ ಗಡ್ಡೆಯಲ್ಲಿ ಹೀಗೆ ರಕ್ತಸ್ರಾವ ಆದಾಗ ಕೊಡುವ ಸ್ಟೀರಾಯ್ಡ್ ‘ಊತ ಇಳಿಸಲು’ ಎಂದಿದ್ದೀರಿ. ಮುಖ್ಯ ಕಾರಣ ಬೇರೆ. ಪಿಟ್ಯುಟರಿ ಕೈಕೊಟ್ಟರೆ, ಬಿಪಿ ಕುಸಿಯದಂತೆ ಕಾಯುವ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುವಂತೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸೂಚನೆಯೇ ಹೋಗುವುದಿಲ್ಲ. ಬಿಪಿ ಕುಸಿದು ಜೀವಕ್ಕೇ ಅಪಾಯ ಬರಬಹುದು. ಆ ಕೊರತೆ ತುಂಬಲು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಆಪರೇಷನ್ ಬೇಕೋ ಬೇಡವೋ ಎನ್ನುವುದು ದೃಷ್ಟಿ ಮತ್ತು ಎಚ್ಚರ ಹೇಗಿದೆ ಎನ್ನುವುದರ ಮೇಲೆ ನಿಂತಿದೆ.

‘ಗಡ್ಡೆ ಇರುವವರು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕು’ ಎಂಬ ಸಾಲನ್ನು ನಾನೇ ಹೊಡೆದುಹಾಕಿದ್ದೇನೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಇದನ್ನು ನಂಬಿ ಮಾತ್ರೆ ಬಿಟ್ಟರೆ ಪಾರ್ಶ್ವವಾಯು ಹೊಡೆಯಬಹುದು, ಅಲ್ವಾ? ಡಾಕ್ಟರನ್ನು ಕೇಳದೆ ಬಿಡಬಾರದು ಅಂತಲೇ ಬರೆಯಿರಿ.

ಹೊಸ ರಕ್ತ ಸಿಟಿ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವುದನ್ನು ಚೆನ್ನಾಗಿ ವಿವರಿಸಿದ್ದೀರಿ. ಆ ರಕ್ತವೇ ಕೆಳಗಿನ ಗಡ್ಡೆಯನ್ನು ಮರೆಮಾಡಬಹುದು. ಅದಕ್ಕೇ ಎಂಆರ್‌ಐ ಬೇಕಾಗುತ್ತದೆ, ಕೆಲವೊಮ್ಮೆ ರಕ್ತ ಕರಗಿದ ಮೇಲೆ ಇನ್ನೊಂದು ಸಲ. ಇದನ್ನೂ ಸೇರಿಸಿ.

ತಿದ್ದಿದ ಪ್ರತಿಯನ್ನು ನ್ಯೂರೋಸರ್ಜನ್ ಒಬ್ಬರಿಗೆ ಓದಿಸಿ, ಆಮೇಲೆ ಕಳಿಸಿ. ಖಂಡಿತ ನೋಡುತ್ತೇನೆ.

— ಸಂಪಾದಕ