ಲೆಕ್ಕದ ಫೈಲ್, ಬ್ಯಾಕಪ್, ಪಾಸ್‌ವರ್ಡ್: ಸಣ್ಣ ಉದ್ಯಮಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಯಂತ್ರಗಳ ಬಿಡಿಭಾಗಗಳನ್ನು ಮಾರುವ ಅಂಗಡಿ. ನಾವು ಮೂವರು ಕೆಲಸ ಮಾಡುತ್ತೇವೆ. ದಾಸ್ತಾನು, ಮಾರಾಟ, ಗ್ರಾಹಕರಿಂದ ಬರಬೇಕಾದ ಬಾಕಿ ಎಲ್ಲವೂ ಎಕ್ಸೆಲ್‌ನಲ್ಲಿವೆ. ಈಚೆಗೆ ಲೆಕ್ಕ ತಾಳೆಯಾಗುತ್ತಿಲ್ಲ, ಕೆಲವು ಬಿಡಿಭಾಗಗಳ ಕೋಡ್‌ಗಳೂ ತಾವಾಗಿಯೇ ಬದಲಾಗಿವೆ. ದೊಡ್ಡ ಲೆಕ್ಕಪತ್ರ ತಂತ್ರಾಂಶವನ್ನು ಕೊಳ್ಳದೆ ಬೇರೆ ದಾರಿಯಿಲ್ಲವೇ?

ಉತ್ತರ: ಕೊಳ್ಳುವ ಯೋಚನೆಗೆ ಮುನ್ನ ಈಗಿರುವ ಫೈಲನ್ನು ಸರಿಪಡಿಸಿಕೊಳ್ಳಿ. ಹೊಸ ತಂತ್ರಾಂಶಕ್ಕೆ ನೀವು ತುಂಬಬೇಕಾಗಿರುವುದೂ ಇದೇ ಮಾಹಿತಿಯನ್ನಾದ್ದರಿಂದ, ಇಲ್ಲಿರುವ ತಪ್ಪುಗಳು ಅಲ್ಲಿಗೂ ಹಾಗೆಯೇ ಹೋಗಿ ಸೇರುತ್ತವೆ.

ಕೋಡ್‌ಗಳು ಬದಲಾಗಿರುವುದಕ್ಕೆ ಕಾರಣ ಸರಳವಾಗಿದೆ. ಸೆಲ್‌ನಲ್ಲಿ ಅಂಕಿಗಳನ್ನು ಬರೆದಾಗ ಎಕ್ಸೆಲ್ ಅದನ್ನು ಕೂಡಿ ಕಳೆಯಬೇಕಾದ ಸಂಖ್ಯೆ ಎಂದೇ ತಿಳಿಯುತ್ತದೆ. ಆದ್ದರಿಂದ 00457 ಎಂಬ ಕೋಡ್ ಮೊದಲಿನ ಸೊನ್ನೆಗಳನ್ನು ಕಳೆದುಕೊಂಡು 457 ಆಗುತ್ತದೆ, 3-12 ಎಂಬ ಮಾದರಿ ಸಂಖ್ಯೆ ದಿನಾಂಕವಾಗುತ್ತದೆ, 15ಕ್ಕಿಂತ ಹೆಚ್ಚು ಅಂಕಿಗಳಿರುವ ಸಂಖ್ಯೆಯಲ್ಲಿ 16ನೆಯದರಿಂದ ಮುಂದಿನವೆಲ್ಲ ಸೊನ್ನೆಗಳಾಗುತ್ತವೆ. ಇದು ಸಣ್ಣ ಅಂಗಡಿಗಳನ್ನಷ್ಟೇ ಕಾಡುವ ತೊಂದರೆಯಲ್ಲ. ‘ಮಾರ್ಚ್1’ ಎಂಬಂತಹ ಹೆಸರುಗಳನ್ನು ಎಕ್ಸೆಲ್ ದಿನಾಂಕಗಳಾಗಿ ಮಾರ್ಪಡಿಸುತ್ತಿದ್ದುದರಿಂದ, ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಅಂತಹ ಹಲವು ಜೀನ್‌ಗಳ ಹೆಸರನ್ನು ಬದಲಿಸಬೇಕಾಯಿತೆಂದು 2020ರಲ್ಲಿ ಸುದ್ದಿಯಾಗಿತ್ತು. ಕೋಡ್, ಫೋನ್ ನಂಬರ್, ಬ್ಯಾಂಕ್ ಖಾತೆ ಸಂಖ್ಯೆಗಳಿರುವ ಕಾಲಂಗಳನ್ನು ಬರೆಯಲು ತೊಡಗುವ ಮೊದಲೇ ‘ಟೆಕ್ಸ್ಟ್’ ಎಂದು ನಿಗದಿಪಡಿಸುವುದೇ ಇದಕ್ಕೆ ಪರಿಹಾರ. ಆಮೇಲೆ ನಿಗದಿಪಡಿಸಿದರೆ ಕಳೆದುಹೋದ ಅಂಕಿಗಳು ಮರಳಿ ಬರುವುದಿಲ್ಲ, ಅವನ್ನು ಹಳೆಯ ಬಿಲ್ಲುಗಳನ್ನು ನೋಡಿ ಮತ್ತೆ ಬರೆಯಬೇಕಾಗುತ್ತದೆ. ಬೇರೆಯವರು ಕಳುಹಿಸಿದ ಸಿಎಸ್‌ವಿ ಫೈಲನ್ನು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯರೂಪದ ಪಟ್ಟಿಯನ್ನು) ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದಾಗಲೂ ಇದೇ ಆಗುತ್ತದೆ. ಅದನ್ನು ‘ಡೇಟಾ’ ಮೆನುವಿನ ಮೂಲಕ ಒಳತಂದು, ಯಾವ ಕಾಲಂ ಟೆಕ್ಸ್ಟ್ ಎಂಬುದನ್ನು ನೀವೇ ಸೂಚಿಸಿ.

ಲೆಕ್ಕ ತಾಳೆಯಾಗದಿರುವುದಕ್ಕೆ ಬೇರೆ ಕಾರಣವಿರಬೇಕು. ಒಂದೇ ಫೈಲ್ ಮೂವರ ಕಂಪ್ಯೂಟರಿನಲ್ಲೂ ಇದ್ದು, ಇಮೇಲ್ ಅಥವಾ ಪೆನ್‌ಡ್ರೈವ್ ಮೂಲಕ ಓಡಾಡುತ್ತಿದ್ದರೆ, ಕೊನೆಗೆ ಯಾವುದು ನಿಜವಾದ ಫೈಲ್ ಎಂದು ಯಾರೂ ಹೇಳಲಾಗುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಾಗಲಿ, ಒನ್‌ಡ್ರೈವ್‌ನಲ್ಲಿಟ್ಟ ಎಕ್ಸೆಲ್‌ನಲ್ಲಾಗಲಿ ಫೈಲ್ ಒಂದೇ ಇದ್ದು ಮೂವರೂ ಅದರಲ್ಲೇ ಬರೆಯುವಂತಿರಲಿ. ಯಾರು ಯಾವಾಗ ಏನನ್ನು ಬದಲಿಸಿದರೆಂಬುದನ್ನು ಅಲ್ಲಿನ ‘ವರ್ಷನ್ ಹಿಸ್ಟರಿ’ಯಲ್ಲಿ ನೋಡಬಹುದು. ಒಂದು ವಹಿವಾಟಿಗೆ ಒಂದೇ ಸಾಲು ಎಂಬ ನಿಯಮವನ್ನು ಬಿಡಬೇಡಿ. ಸೆಲ್‌ಗಳನ್ನು ಒಂದರೊಳಗೊಂದು ಸೇರಿಸುವುದನ್ನೂ, ಬಾಕಿಯಿದ್ದರೆ ಕೆಂಪು, ತೀರಿದ್ದರೆ ಹಸಿರು ಎಂದು ಬಣ್ಣದಲ್ಲೇ ಮಾಹಿತಿ ಇಡುವುದನ್ನೂ ನಿಲ್ಲಿಸಿ; ಬಣ್ಣವನ್ನು ನೋಡಿ ಕೂಡುವ ಸಾಮಾನ್ಯ ಸೂತ್ರ ಎಕ್ಸೆಲ್‌ನಲ್ಲಿಲ್ಲ. ಅದಕ್ಕೆಂದೇ ‘ಸ್ಥಿತಿ’ ಎಂಬ ಕಾಲಂ ಮಾಡಿ, ‘ಡೇಟಾ ವ್ಯಾಲಿಡೇಷನ್’ ಬಳಸಿ, ಪಟ್ಟಿಯಿಂದ ಆರಿಸಿಕೊಳ್ಳುವ ಏರ್ಪಾಡು ಮಾಡಿದರೆ ಒಬ್ಬರು ‘ಬಾಕಿ’ ಎಂದೂ ಇನ್ನೊಬ್ಬರು ‘ಬಾಕಿ ಇದೆ’ ಎಂದೂ ಬರೆಯುವ ಗೊಂದಲ ತಪ್ಪುತ್ತದೆ. ಹೀಗೆ ಶುದ್ಧಗೊಂಡ ಪಟ್ಟಿಯಿಂದ ಗ್ರಾಹಕವಾರು ಬಾಕಿಯನ್ನೂ ತಿಂಗಳವಾರು ಮಾರಾಟವನ್ನೂ ‘ಪಿವಟ್ ಟೇಬಲ್’ ಕ್ಷಣಾರ್ಧದಲ್ಲಿ ತೋರಿಸುತ್ತದೆ.

ಬಿಲ್ ಮಾಡಿದ ಕೂಡಲೇ ದಾಸ್ತಾನು ತಾನಾಗಿ ಕಡಿಮೆಯಾಗಬೇಕು ಎನ್ನುವಷ್ಟು ವ್ಯಾಪಾರ ಬೆಳೆದಾಗ ಮಾತ್ರ ತಂತ್ರಾಂಶ ಬದಲಿಸುವುದು ಸೂಕ್ತ. ಗ್ನೂಕ್ಯಾಶ್ ಉಚಿತವಾಗಿ ಸಿಗುತ್ತದೆ ಮತ್ತು ಜೋಡಿ ನಮೂದು ಪದ್ಧತಿಯಲ್ಲಿ ಲೆಕ್ಕವನ್ನು ಚೆನ್ನಾಗಿ ಇಡುತ್ತದೆ, ಆದರೆ ದಾಸ್ತಾನು ನಿರ್ವಹಣೆ ಅದರ ಉದ್ದೇಶವಲ್ಲ. ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶದಲ್ಲಿ ದಾಸ್ತಾನಿನ ವ್ಯವಸ್ಥೆಯೂ ಇದೆ, ಆದರೆ ಅದನ್ನು ಅಳವಡಿಸಿ ನೋಡಿಕೊಳ್ಳಲು ತಿಳಿದವರು ಬೇಕು. ನೀವು ಯಾವುದನ್ನೇ ಆರಿಸಿದರೂ, ಪ್ರಾಯೋಗಿಕ ಅವಧಿಯಲ್ಲೇ ನಿಮ್ಮ ಗ್ರಾಹಕರ ಪಟ್ಟಿಯನ್ನೂ ವಹಿವಾಟುಗಳನ್ನೂ ಸಿಎಸ್‌ವಿ ರೂಪದಲ್ಲಿ ಹೊರತೆಗೆದು ನೋಡಿ. ಹಾಗೆ ತೆಗೆಯಲು ಬಿಡದ ತಂತ್ರಾಂಶವು ಎಷ್ಟೇ ಅಂದವಾಗಿದ್ದರೂ ಬೇಡವೆಂದು ನಾವು ಖಂಡಿತವಾಗಿ ಹೇಳುತ್ತೇವೆ, ಏಕೆಂದರೆ ಮುಂದೊಂದು ದಿನ ಅದನ್ನು ಬಿಡಬೇಕಾದಾಗ ನಿಮ್ಮ ವರ್ಷಗಳ ಲೆಕ್ಕ ಅದರೊಳಗೇ ಉಳಿದುಬಿಡುತ್ತದೆ.

ಪ್ರಶ್ನೆ: ನಮ್ಮ ಫೈಲ್‌ಗಳೆಲ್ಲ ಕ್ಲೌಡ್ ಡ್ರೈವ್‌ನಲ್ಲಿ ಸಿಂಕ್ ಆಗುತ್ತವೆ. ಹೀಗಿರುವಾಗ ಬೇರೆ ಬ್ಯಾಕಪ್ ಬೇಕೇ?

ಉತ್ತರ: ಬೇಕು. ಸಿಂಕ್ ಮತ್ತು ಬ್ಯಾಕಪ್ ಬೇರೆ ಬೇರೆ. ಸಿಂಕ್ ಎಂದರೆ ಇಲ್ಲಿ ಆದದ್ದು ಅಲ್ಲೂ ಆಗುವುದು, ಆದ್ದರಿಂದ ಇಲ್ಲಿ ಅಳಿಸಿದ ಫೈಲ್ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು 30 ದಿನಗಳವರೆಗೆ ಉಳಿದಿರುತ್ತದೆ, ಆದರೆ ವರ್ಷದ ಲೆಕ್ಕ ಮುಗಿಸುವಾಗಷ್ಟೇ ತೆರೆಯುವ ಫೈಲ್ ಮಾಯವಾದದ್ದು ಅಷ್ಟರೊಳಗೆ ಯಾರ ಗಮನಕ್ಕೂ ಬರದಿರಬಹುದು. ಫೈಲ್‌ಗಳನ್ನು ಬೀಗ ಹಾಕಿದಂತೆ ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಹೊಕ್ಕರೆ, ಹಾಳಾದ ಫೈಲ್‌ಗಳೇ ಕ್ಲೌಡ್‌ಗೂ ಸಿಂಕ್ ಆಗುತ್ತವೆ.

ಈ ವಿಷಯದಲ್ಲಿ ಬಹುಕಾಲದಿಂದ ನಿಂತಿರುವುದು 3-2-1 ಎಂಬ ನಿಯಮ. ಮಾಹಿತಿಯ 3 ಪ್ರತಿಗಳಿರಬೇಕು, ಅವು 2 ಬಗೆಯ ಸಾಧನಗಳಲ್ಲಿರಬೇಕು, 1 ಪ್ರತಿ ಬೇರೆ ಜಾಗದಲ್ಲಿರಬೇಕು. ನಿಮ್ಮ ವಿಷಯದಲ್ಲಿ ಕಂಪ್ಯೂಟರಿನಲ್ಲಿರುವುದು ಒಂದು, ಕ್ಲೌಡ್‌ನಲ್ಲಿರುವುದು ಇನ್ನೊಂದು. ಇವುಗಳ ಜೊತೆಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡರೆ ಸಾಕು. ಬ್ಯಾಕಪ್ ಮುಗಿದ ಮೇಲೆ ಆ ಡಿಸ್ಕಿನ ಕೇಬಲ್ಲನ್ನು ಕಂಪ್ಯೂಟರಿನಿಂದ ತೆಗೆದಿಡುವುದು ಬಹಳ ಮುಖ್ಯ, ಸದಾ ಜೋಡಿಸಿಯೇ ಇಟ್ಟ ಡಿಸ್ಕನ್ನು ರ್‍ಯಾನ್ಸಮ್‌ವೇರ್ ಬಿಡುವುದಿಲ್ಲ. ಗ್ರಾಹಕರ ವಿವರಗಳು ಅದರಲ್ಲಿರುವುದರಿಂದ ವೆರಾಕ್ರಿಪ್ಟ್‌ನಂತಹ ಉಚಿತ ತಂತ್ರಾಂಶದಿಂದ ಡಿಸ್ಕಿಗೆ ಪಾಸ್‌ವರ್ಡ್ ರಕ್ಷಣೆ ಕೊಡಿ.

ಹೆಚ್ಚಿನವರು ಮಾಡದಿರುವ ಕೆಲಸವೊಂದಿದೆ, ಅದು ಬ್ಯಾಕಪ್‌ನಿಂದ ಫೈಲನ್ನು ಮರಳಿ ತೆರೆದು ನೋಡುವುದು. ಕೆಲವು ತಿಂಗಳಿಗೊಮ್ಮೆಯಾದರೂ ಬೇರೊಂದು ಕಂಪ್ಯೂಟರಿನಲ್ಲಿ ಹಳೆಯ ಲೆಕ್ಕದ ಫೈಲನ್ನು ಡಿಸ್ಕಿನಿಂದ ತೆರೆದು, ಅಂಕಿಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ. ಹಾಗೆ ಪರೀಕ್ಷಿಸದ ಬ್ಯಾಕಪ್ಪನ್ನು ನಂಬಿ ನಿಶ್ಚಿಂತರಾಗಿರುವುದನ್ನು ನಾವು ಒಪ್ಪುವುದಿಲ್ಲ.

ಪ್ರಶ್ನೆ: ಹಣ ಕೊಟ್ಟು ಆ್ಯಂಟಿವೈರಸ್ ಕೊಳ್ಳಬೇಕೇ?

ಉತ್ತರ: ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಣ್ಣ ಕಚೇರಿಯ ಸಾಮಾನ್ಯ ಬಳಕೆಗೆ ಸಾಕು. ಅದಕ್ಕಿಂತ ಮುಖ್ಯವಾದುದು ಅಪ್‌ಡೇಟ್‌ಗಳನ್ನು ಮುಂದೂಡದಿರುವುದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಬಳಸಿಕೊಂಡ ವಿಂಡೋಸ್‌ನ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಅಪ್‌ಡೇಟ್ ನೀಡಿತ್ತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ನಿಮ್ಮಲ್ಲಿ ಅದೇ ಇದ್ದರೆ ಬದಲಿಸುವ ಏರ್ಪಾಡು ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಎಲ್ಲರೂ ಬಳಸುವುದು ಒಂದೇ ಪಾಸ್‌ವರ್ಡ್. ಈಗ ಒಬ್ಬ ನೌಕರರು ಕೆಲಸ ಬಿಡುತ್ತಿದ್ದಾರೆ. ನಮ್ಮ ವೆಬ್‌ಸೈಟನ್ನು ನೋಂದಾಯಿಸಿದವರೂ ಅವರೇ. ಏನು ಮಾಡಬೇಕು?

ಉತ್ತರ: ಅವರು ಇನ್ನೂ ಕೆಲಸದಲ್ಲಿರುವಾಗಲೇ, ಸೌಹಾರ್ದದಿಂದ, ವೆಬ್‌ಸೈಟಿನ ಡೊಮೈನ್ ಹೆಸರನ್ನು ಸಂಸ್ಥೆಯ ಇಮೇಲ್ ವಿಳಾಸಕ್ಕೆ ವರ್ಗಾಯಿಸಿಕೊಳ್ಳಿ. ಡೊಮೈನ್ ಯಾರ ಖಾತೆಯಲ್ಲಿದೆಯೋ ಅವರ ಕೈಯಲ್ಲೇ ನಿಮ್ಮ ವೆಬ್‌ಸೈಟ್ ಮಾತ್ರವಲ್ಲದೆ ಆ ಹೆಸರಿನ ಇಮೇಲ್‌ಗಳೂ ಇರುತ್ತವೆ, ಮತ್ತು ನವೀಕರಣದ ಸೂಚನೆಗಳೂ ಅವರಿಗೇ ಹೋಗುತ್ತವೆ. ಸಾಮಾಜಿಕ ಜಾಲತಾಣಗಳ ಪುಟಗಳನ್ನೂ ಹೀಗೆಯೇ ಪರಿಶೀಲಿಸಿ.

ಮುಂದಕ್ಕೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇರಲಿ. ಹಂಚಿಕೊಳ್ಳಲೇಬೇಕಾದ ಪಾಸ್‌ವರ್ಡ್‌ಗಳಿಗೆ ಬಿಟ್‌ವಾರ್ಡನ್‌ನಂತಹ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಒಬ್ಬರು ಕೆಲಸ ಬಿಟ್ಟಾಗ ಅವರಿಗೆ ತಿಳಿದಿದ್ದವುಗಳನ್ನಷ್ಟೇ ಬದಲಿಸಿದರೆ ಸಾಕಾಗುತ್ತದೆ. ಕಾರಣವಿಲ್ಲದೆ ಆಗಾಗ ಎಲ್ಲವನ್ನೂ ಬದಲಿಸುವ ಕಟ್ಟುಪಾಡು ಬೇಡ, ಅದರಿಂದ ಜನರು ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್‌ಗಳನ್ನೇ ಇಡತೊಡಗುತ್ತಾರೆ. ಇಮೇಲ್ ಮತ್ತು ಬ್ಯಾಂಕ್ ಖಾತೆಗಳಿಗೆ ಎರಡು ಹಂತದ ಪರಿಶೀಲನೆ ಕಡ್ಡಾಯವಾಗಿರಲಿ. ಆಗ ಕೊಡುವ ರಿಕವರಿ ಕೋಡ್‌ಗಳನ್ನು ಕಾಗದದಲ್ಲಿ ಮುದ್ರಿಸಿ ಮಾಲೀಕರೇ ಇಟ್ಟುಕೊಳ್ಳಬೇಕು, ಫೋನ್ ಕಳೆದರೆ ಖಾತೆಯೊಳಗೆ ಹೋಗಲು ಅವೇ ದಾರಿ.

ಪ್ರಶ್ನೆ: ನಮಗೆ ಸರಕು ಒದಗಿಸುವವರಿಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಾರಿಯ ಹಣವನ್ನು ಹೊಸ ಖಾತೆಗೆ ಹಾಕಿ’ ಎಂಬ ಇಮೇಲ್ ಬಂದಿದೆ. ವಿಳಾಸ ಅವರದ್ದೇ. ನಂಬಬಹುದೇ?

ಉತ್ತರ: ಇಮೇಲ್ ಒಂದನ್ನೇ ನಂಬಿ ಹಣ ಹಾಕಬೇಡಿ. ವಿಳಾಸದಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಮಾಡಿ ಕಳುಹಿಸುವುದುಂಟು. ವಂಚಕರು ಅವರ ನಿಜವಾದ ಇಮೇಲ್ ಖಾತೆಯೊಳಗೇ ನುಸುಳಿ, ನಿಮ್ಮ ಹಳೆಯ ಪತ್ರವ್ಯವಹಾರವನ್ನು ಓದಿ, ಅದೇ ಧಾಟಿಯಲ್ಲಿ ಬರೆಯುವುದೂ ಉಂಟು. ಎರಡನೆಯದರಲ್ಲಿ ವಿಳಾಸವನ್ನು ಎಷ್ಟು ಪರೀಕ್ಷಿಸಿದರೂ ಪ್ರಯೋಜನವಿಲ್ಲ. ಆ ಇಮೇಲ್‌ನಲ್ಲಿರುವ ಸಂಖ್ಯೆಗಲ್ಲ, ನಿಮ್ಮಲ್ಲಿ ಮೊದಲಿನಿಂದ ಇರುವ ಸಂಖ್ಯೆಗೆ ಫೋನ್ ಮಾಡಿ, ಪರಿಚಿತರೊಡನೆ ಮಾತನಾಡಿ ಖಚಿತಪಡಿಸಿಕೊಳ್ಳಿ. ಈಗಾಗಲೇ ಹಣ ಕಳುಹಿಸಿದ್ದರೆ ಉತ್ತರಕ್ಕಾಗಿ ಕಾಯದೆ ತಕ್ಷಣ ನಿಮ್ಮ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ಹಣ ಆ ಖಾತೆಯಿಂದ ಮುಂದೆ ಸಾಗುವ ಮೊದಲೇ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.