ಜಪಾನಿನ ಬೇಸ್ ಗಿಟಾರ್‌ಗಳಿಗೆ ಇಷ್ಟು ಬೇಡಿಕೆ ಏಕೆ?

ಪ್ರಶ್ನೆ: ಬೆಂಗಳೂರಿನ ಒಂದು ಬ್ಯಾಂಡ್‌ನಲ್ಲಿ ಕೆಲವು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಬಹುಕಾಲ ಬಾಳುವ ಒಂದು ವಾದ್ಯವನ್ನು ಕೊಳ್ಳಬೇಕೆಂದಿದ್ದೇನೆ. ‘ಎಂಬತ್ತರ ದಶಕದ ಜಪಾನ್ ಫೆಂಡರ್ ಸಿಕ್ಕರೆ ಬೇರೆ ಏನನ್ನೂ ನೋಡಬೇಡ’ ಎಂದು ಹಿರಿಯ ವಾದಕರು ಹೇಳುತ್ತಾರೆ. ಅಮೆರಿಕದ ಕಂಪನಿಯ ವಾದ್ಯ ಜಪಾನಿನಲ್ಲಿ ತಯಾರಾದರೆ ಮೂಲಕ್ಕಿಂತ ಮೇಲಾಗುವುದು ಹೇಗೆ? ಅಥವಾ ಇದು ಸಂಗ್ರಾಹಕರು ಹಬ್ಬಿಸಿದ ಮಾತೇ?

ಉತ್ತರ: ಹಿರಿಯರ ಮಾತಿಗೆ ಆಧಾರವಿದೆ. ಆದರೆ ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ಜಪಾನಿಗಿಂತ ಮೊದಲು ಅಮೆರಿಕದಲ್ಲಿ ಏನಾಯಿತು ಎಂಬುದನ್ನು ನೋಡಬೇಕು.

ಲಿಯೋ ಫೆಂಡರ್ ಅವರು 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನೂ 1960ರಲ್ಲಿ ಜಾಝ್ ಬೇಸ್ ಅನ್ನೂ ಹೊರತಂದರು. ಇಂದಿಗೂ ಜಗತ್ತಿನ ಬಹುಪಾಲು ಬೇಸ್ ಗಿಟಾರ್‌ಗಳು ಈ ಎರಡರ ಸಂತತಿಯೇ. 1965ರ ಜನವರಿಯಲ್ಲಿ ಅವರು ಕಂಪನಿಯನ್ನು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ ಮಾರಿದರು. ಉತ್ಪಾದನೆ ಹೆಚ್ಚಿತು, ಆದರೆ 1970ರ ದಶಕ ಮುಂದುವರಿದಂತೆ ವಾದ್ಯದ ಮೈಭಾಗ, ಅಂದರೆ ಬಾಡಿಗಳು, ಭಾರವಾದವು, ಬಣ್ಣದ ಮೇಲಿನ ಪಾಲಿಯೆಸ್ಟರ್ ಲೇಪ ದಪ್ಪವಾಯಿತು, ಜಾಝ್ ಬೇಸ್‌ನ ನೆಕ್ (ಬೆರಳಿಡುವ ಉದ್ದನೆಯ ಭಾಗ) ಅನ್ನು ಬಾಡಿಯ ಜೊತೆ ಬಿಗಿಯುವ ಸ್ಕ್ರೂಗಳು ದಶಕದ ನಡುವೆ ನಾಲ್ಕರಿಂದ ಮೂರಕ್ಕೆ ಇಳಿದವು. ಆ ಕಾಲದ ವಾದ್ಯಗಳೆಲ್ಲ ಕೆಟ್ಟವು ಎಂದು ಹೇಳುವುದು ಅನ್ಯಾಯವಾದೀತು. ಅವುಗಳಲ್ಲೇ ಅದ್ಭುತವಾದ ಧ್ವನಿಮುದ್ರಣಗಳು ಆಗಿವೆ. ತೊಂದರೆ ಇದ್ದದ್ದು ಒಂದರಂತೆ ಇನ್ನೊಂದು ಇರದೇ ಇದ್ದುದರಲ್ಲಿ. ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ವಾದ್ಯಗಳನ್ನು ಕೈಗೆತ್ತಿಕೊಂಡ ವಾದಕನಿಗೆ ಒಂದರಲ್ಲಿ ಬಿಗಿಯಾಗಿ ಕುಳಿತ ನೆಕ್, ಇನ್ನೊಂದರಲ್ಲಿ ಅಲುಗುವ ನೆಕ್ ಸಿಗುವ ಸಾಧ್ಯತೆ ಇತ್ತು.

ಇದೇ ಹೊತ್ತಿನಲ್ಲಿ ಜಪಾನಿನ ಕಾರ್ಖಾನೆಗಳು 1965ಕ್ಕಿಂತ ಹಿಂದಿನ ಫೆಂಡರ್‌ಗಳನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದವು. ಹಮಾಮತ್ಸುವಿನ ಟೋಕಾಯ್ ಕಂಪನಿ, ಮತ್ಸುಮೋಟೋದ ಫುಜಿಗೆನ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗ್ರೆಕೊ ಬ್ರ್ಯಾಂಡ್, ಫೆರ್ನಾಂಡಿಸ್ ಬ್ರ್ಯಾಂಡ್ ಇವೆಲ್ಲ 1970ರ ದಶಕದ ಕೊನೆಯ ಹೊತ್ತಿಗೆ, ಅಮೆರಿಕದಲ್ಲೇ ತಯಾರಾಗುವುದು ನಿಂತುಹೋಗಿದ್ದ ನೆಕ್‌ನ ದಪ್ಪವನ್ನು, ಬಾಡಿಯ ಅಂಚಿನ ಇಳಿಜಾರನ್ನು, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೂರಿಸುವ ಜಾಗವನ್ನು ತಪ್ಪದೆ ಅನುಸರಿಸತೊಡಗಿದ್ದವು. ಮೂಲ ಕಂಪನಿ ತನ್ನ ಹಳೆಯ ದಾರಿಯನ್ನು ಬಿಟ್ಟಿದ್ದಾಗ ನಕಲು ಮಾಡುವವರು ಆ ದಾರಿಯನ್ನು ಕಾಪಾಡಿಕೊಂಡಿದ್ದರು ಎಂಬುದೇ ಈ ಇಡೀ ಆಕರ್ಷಣೆಯ ತಿರುಳು ಎಂದು ನಾನು ನಂಬಿದ್ದೇನೆ.

1981ರಲ್ಲಿ ಸಿಬಿಎಸ್, ಫೆಂಡರ್ ಅನ್ನು ಸರಿದಾರಿಗೆ ತರಲು ಯಮಾಹಾದ ಅಮೆರಿಕ ವಿಭಾಗದಿಂದ ಬಿಲ್ ಶುಲ್ಟ್ಸ್, ಡಾನ್ ಸ್ಮಿತ್ ಮೊದಲಾದವರನ್ನು ಕರೆತಂದಿತು. ಜಪಾನಿನ ತಯಾರಿಕೆಯ ಮಟ್ಟವನ್ನು ಹತ್ತಿರದಿಂದ ಬಲ್ಲ ಇವರು ನಕಲುಗಾರರೊಂದಿಗೆ ಹೋರಾಡುವುದರ ಜೊತೆಗೆ ಅವರದೇ ಕಾರ್ಖಾನೆಯನ್ನು ಬಳಸಿಕೊಳ್ಳುವ ದಾರಿಯನ್ನೂ ಹಿಡಿದರು. 1982ರ ಮಾರ್ಚ್‌ನಲ್ಲಿ ಕಾಂಡಾ ಶೋಕಾಯ್ ಮತ್ತು ಯಮಾನೋ ಗಕ್ಕಿ ಎಂಬ ಎರಡು ವಿತರಕ ಸಂಸ್ಥೆಗಳ ಜೊತೆಗೂಡಿ ಫೆಂಡರ್ ಜಪಾನ್ ಆರಂಭವಾಯಿತು. ತಯಾರಿಕೆಯ ಹೊಣೆ ಫುಜಿಗೆನ್‌ಗೆ ಹೋಯಿತು. ಸೀರಿಯಲ್ ನಂಬರ್ ‘ಜೆವಿ’ ಎಂಬ ಅಕ್ಷರಗಳಿಂದ ಶುರುವಾಗುವ 1982ರಿಂದ 84ರವರೆಗಿನ ವಾದ್ಯಗಳು ಈ ಕಾರ್ಖಾನೆಯವು. ಇಂದು ಸಂಗ್ರಾಹಕರು ಮೊದಲು ಹುಡುಕುವುದು ಇವನ್ನೇ. ಫೆಂಡರ್‌ನದೇ ಇನ್ನೊಂದು ಬ್ರ್ಯಾಂಡ್ ಆದ ಸ್ಕ್ವಾಯರ್ ಹೆಸರಿನ ಅದೇ ಕಾಲದ ಜೆವಿ ವಾದ್ಯಗಳೂ ಅಲ್ಲಿಯವೇ. ಸ್ಕ್ವಾಯರ್ ಎಂದರೆ ಕಲಿಯುವವರ ಅಗ್ಗದ ಗಿಟಾರ್ ಎಂಬ ಇಂದಿನ ಅಭಿಪ್ರಾಯವನ್ನು ಅವುಗಳಿಗೆ ಅನ್ವಯಿಸಬಾರದು.

1985ರಲ್ಲಿ ಶುಲ್ಟ್ಸ್ ಮತ್ತು ಅವರ ಜೊತೆಗಾರರು ಸಿಬಿಎಸ್‌ನಿಂದ ಕಂಪನಿಯನ್ನು ಕೊಂಡಾಗ ಫುಲರ್ಟನ್‌ನಲ್ಲಿದ್ದ ಫೆಂಡರ್‌ನ ಹಳೆಯ ಕಾರ್ಖಾನೆ ಆ ವ್ಯವಹಾರದಲ್ಲಿ ಸೇರಿರಲಿಲ್ಲ. ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ ಹೊಸ ಕಾರ್ಖಾನೆ ನೆಲೆಗೊಳ್ಳುವವರೆಗೆ ಫೆಂಡರ್ ಹೆಸರಿನ ಮಾರಾಟವನ್ನು ಬಹುಮಟ್ಟಿಗೆ ಉಳಿಸಿದ್ದು ಜಪಾನಿನಿಂದ ಬಂದ ವಾದ್ಯಗಳು.

ಮತ್ಸುಮೋಟೋದಲ್ಲೇ ಈ ಕೈಗಾರಿಕೆ ಬೆಳೆದದ್ದಕ್ಕೂ ಕಾರಣವಿದೆ. ನಗಾನೋ ಪ್ರಾಂತದ, ಬೆಟ್ಟಗಳ ನಡುವಿನ ಈ ಊರಿನಲ್ಲಿ ಗಾಳಿ ಒಣಗಿರುತ್ತದೆ, ಮರಗೆಲಸದ ಮತ್ತು ಪೀಠೋಪಕರಣದ ಹಳೆಯ ಪರಂಪರೆ ಇದೆ. 1960ರಲ್ಲಿ ಫುಜಿಗೆನ್ ಇಲ್ಲೇ ಹುಟ್ಟಿತು. ಆರಿಯಾ ಪ್ರೊ ಟೂ, ವೆಸ್ಟೋನ್ ಮುಂತಾದ ಹೆಸರುಗಳಲ್ಲಿ ಗಿಟಾರ್ ತಯಾರಿಸಿದ ಮತ್ಸುಮೋಕು ಕಾರ್ಖಾನೆ ಅದಕ್ಕೂ ಮೊದಲು ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತಿತ್ತು. ಮರವನ್ನು ಎಷ್ಟು ಒಣಗಿಸಬೇಕು, ಕೀಲು ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಗಿಟಾರ್ ಬರುವ ಮೊದಲೇ ಬಲ್ಲ ಕೈಗಳು ಅಲ್ಲಿದ್ದವು.

ಬೇಸ್ ಗಿಟಾರ್ ವಿಷಯದಲ್ಲಿ ಈ ತಿಳಿವಳಿಕೆಗೆ ಹೆಚ್ಚಿನ ಬೆಲೆಯಿದೆ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನ ಆರು ತಂತಿಗಳು ಒಟ್ಟಾಗಿ ನೆಕ್ ಅನ್ನು ಎಳೆಯುವ ಬಲ ಸುಮಾರು 45 ಕಿಲೋಗ್ರಾಂ. ಬೇಸ್‌ನ ನಾಲ್ಕು ತಂತಿಗಳದ್ದು 80 ಕಿಲೋಗ್ರಾಂ ಆಸುಪಾಸು. ನುಡಿಯುವ ತಂತಿಯ ಉದ್ದವೇ 34 ಇಂಚು, ಅಂದರೆ 864 ಮಿಲಿಮೀಟರ್ ಇರುವುದರಿಂದ ನೆಕ್ ಕೂಡ ಉದ್ದ. ಜಾಝ್ ಬೇಸ್‌ನಲ್ಲಂತೂ ಅದು ತಲೆಯ ಬಳಿ ಕೇವಲ 38 ಮಿಲಿಮೀಟರ್ ಅಗಲ. ಇಷ್ಟು ಉದ್ದದ ತೆಳುವಾದ ಮರ ಇಷ್ಟು ಎಳೆತವನ್ನು ದಶಕಗಳ ಕಾಲ ಸೊಟ್ಟಗಾಗದೆ ತಾಳಬೇಕಾದರೆ ಮರ ಚೆನ್ನಾಗಿ ಒಣಗಿರಬೇಕು, ಅದರ ಎಳೆ ನೇರವಾಗಿರಬೇಕು, ನೆಕ್‌ನ ಬಾಗನ್ನು ಹೊಂದಿಸುವ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ಸರಿಯಾಗಿ ಕುಳಿತಿರಬೇಕು. ನಲವತ್ತು ವರ್ಷಗಳ ಬಳಿಕವೂ ನೇರವಾಗಿ ನಿಂತಿರುವ ನೆಕ್‌ಗಳು ಜಪಾನಿನ ಆ ಕಾಲದ ವಾದ್ಯಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ವಾದಕರ ಪ್ರೀತಿಗೆ ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ಆದರೂ ಹಿರಿಯರ ಮಾತಿಗೆ ಎರಡು ತಿದ್ದುಪಡಿಗಳನ್ನು ಸೇರಿಸಬೇಕಾಗುತ್ತದೆ. ಒಂದನೆಯದು, ಜಪಾನ್ ಫೆಂಡರ್ ಎಂದರೆ ಒಂದೇ ದರ್ಜೆಯ ವಸ್ತುವಲ್ಲ. ‘ಜೆಬಿ62-75’ ಎಂಬ ಮಾದರಿಯ ಹೆಸರಿನಲ್ಲಿ 62 ಎಂಬುದು 1962ರ ಜಾಝ್ ಬೇಸ್‌ನ ಮರುರೂಪ ಎಂಬುದನ್ನೂ, 75 ಎಂಬುದು ಅಂದಿನ 75,000 ಯೆನ್ ಬೆಲೆಯನ್ನೂ ಸೂಚಿಸುತ್ತದೆ. ಕೊನೆಯ ಅಂಕಿ ಚಿಕ್ಕದಾದಂತೆ ಬಾಡಿಯಲ್ಲಿ ಆಲ್ಡರ್ ಮರದ ಬದಲು ಬಾಸ್‌ವುಡ್, ಸಾಧಾರಣ ಪಿಕಪ್, ಧ್ವನಿಯನ್ನು ಹೊಂದಿಸುವ ಚಿಕ್ಕ ಪೊಟೆನ್ಷಿಯೋಮೀಟರ್‌ಗಳು ಬರುತ್ತವೆ. ಬಾಸ್‌ವುಡ್ ಹಗುರವಾದ, ನುಡಿಸಲು ಯೋಗ್ಯವಾದ ಮರವೇ. ಅದನ್ನು ಆಲ್ಡರ್‌ನ ಬೆಲೆಗೆ ಕೊಳ್ಳಬಾರದು ಅಷ್ಟೆ. ವೈರಿಂಗ್ ಮತ್ತು ಪಿಕಪ್ ಬದಲಿಸಿದರೆ ಕೆಳದರ್ಜೆಯ ಮಾದರಿಯೂ ಬಹಳ ಮೇಲೇರುತ್ತದೆ. ಜಪಾನಿನ ಬಿಡಿಭಾಗಗಳು ಮೆಟ್ರಿಕ್ ಅಳತೆಯವಾದ್ದರಿಂದ ಅಮೆರಿಕದ ನಾಬ್ ಅಥವಾ ತಿರುಗಣೆಗಳು ಅದೇ ರಂಧ್ರದಲ್ಲಿ ಕೂರದೆ ಇರಬಹುದು ಎಂಬುದನ್ನು ಮಾತ್ರ ಮೊದಲೇ ಗಮನಿಸಿಕೊಳ್ಳಿ.

ಎರಡನೆಯದು ನನಗೆ ಹೆಚ್ಚು ಮುಖ್ಯವಾದ ಸಂಗತಿ. ಜಪಾನಿನ ತಯಾರಕರ ನಿಜವಾದ ಸಾಧನೆ ನಕಲಿನಲ್ಲಿ ಮುಗಿಯುವುದಿಲ್ಲ. 1977ರಲ್ಲಿ ಬಂದ ಯಮಾಹಾದ ಬಿಬಿ ಸರಣಿಯನ್ನು ನೋಡಿ: ಅದರ ಮೇಲ್ದರ್ಜೆಯ ಮಾದರಿಗಳಲ್ಲಿ ನೆಕ್‌ನ ಮರವೇ ಬಾಡಿಯ ನಡುವಿನಿಂದ ಕೊನೆಯವರೆಗೆ ಹಾದುಹೋಗುತ್ತದೆ. ನ್ಯೂ ಆರ್ಡರ್ ತಂಡದ ಪೀಟರ್ ಹುಕ್ ಇದೇ ಸರಣಿಯ ಬಿಬಿ1200ಎಸ್ ನುಡಿಸಿದರು. ಮುಂದೆ ನೇಥನ್ ಈಸ್ಟ್ ಅವರ ಹೆಸರಿನಲ್ಲೇ ಒಂದು ಬಿಬಿ ಮಾದರಿ ಬಂತು. ಹಾಯಾಶಿ ನೊಬುವಾಕಿ ವಿನ್ಯಾಸ ಮಾಡಿದ ಆರಿಯಾ ಪ್ರೊ ಟೂ ಎಸ್‌ಬಿ ಸರಣಿಯನ್ನು ಡ್ಯುರಾನ್ ಡ್ಯುರಾನ್‌ನ ಜಾನ್ ಟೇಲರ್, ಮೆಟಾಲಿಕಾದ ಕ್ಲಿಫ್ ಬರ್ಟನ್ ಇಬ್ಬರೂ ಆರಿಸಿಕೊಂಡರು. ಇಷ್ಟು ಬೇರೆ ಬೇರೆ ಬಗೆಯ ಸಂಗೀತಕ್ಕೆ ಒಂದೇ ವಾದ್ಯಕುಟುಂಬ ಒದಗಿತೆಂಬುದು ಅದರ ಶಕ್ತಿಗೆ ಸಾಕ್ಷಿ. ಸ್ಟಿಂಗ್ ಅವರು ‘ದ ಪೊಲೀಸ್’ ಬ್ಯಾಂಡಿನ ದಿನಗಳಲ್ಲಿ, ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ) ಇಲ್ಲದ, ಜಪಾನಿನ ಐಬನೆಜ್ ಬ್ರ್ಯಾಂಡಿನ ಮ್ಯುಸಿಷಿಯನ್ ಬೇಸ್ ನುಡಿಸುತ್ತಿದ್ದರು. 1987ರ ಐಬನೆಜ್ ಸೌಂಡ್‌ಗೇರ್ ತೆಳುವಾದ ನೆಕ್ ಮತ್ತು ಹಗುರವಾದ ಬಾಡಿಯಿಂದ ಮುಂದಿನ ಪೀಳಿಗೆಯ ಕೈಗಳನ್ನೇ ಬದಲಿಸಿತು. ಈ ಸ್ವಂತ ವಿನ್ಯಾಸಗಳಲ್ಲಿ ಹಲವಕ್ಕೆ ಜೆವಿ ಫೆಂಡರ್‌ಗೆ ಇರುವಷ್ಟು ನೂಕುನುಗ್ಗಲು ಇಲ್ಲ. ನಿಮ್ಮ ಉದ್ದೇಶ ನುಡಿಸುವುದೇ ಆಗಿದ್ದರೆ, ಹಳೆಯ ಯಮಾಹಾ ಬಿಬಿಯೊಂದನ್ನು ಕೈಯಲ್ಲಿ ಹಿಡಿದು ನೋಡದೆ ನಿರ್ಧಾರಕ್ಕೆ ಬರಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಆ ಕಾಲ ಮುಗಿದದ್ದು ಬಹುಮಟ್ಟಿಗೆ ನಾಣ್ಯದ ಬೆಲೆಯಿಂದ. ಡಾಲರಿನ ಬೆಲೆ ಇಳಿಸಲು ದೊಡ್ಡ ದೇಶಗಳು 1985ರ ಸೆಪ್ಟೆಂಬರ್‌ನಲ್ಲಿ ಮಾಡಿಕೊಂಡ ಪ್ಲಾಝಾ ಒಪ್ಪಂದದ ಹೊತ್ತಿಗೆ ಒಂದು ಡಾಲರ್‌ಗೆ 240 ಯೆನ್ ಆಸುಪಾಸಿನಲ್ಲಿದ್ದ ದರ ಎರಡು ವರ್ಷಗಳಲ್ಲಿ 150ಕ್ಕಿಂತ ಕೆಳಗಿಳಿಯಿತು. ರಫ್ತಿನ ಲಾಭ ಕರಗಿತು, ಅಗ್ಗದ ಮಾದರಿಗಳು ಕೊರಿಯಾಕ್ಕೆ ಹೋದವು, ಮತ್ಸುಮೋಕು 1987ರಲ್ಲಿ ಬಾಗಿಲು ಹಾಕಿತು. ಉಳಿದವರು ದುಬಾರಿ ವಾದ್ಯಗಳತ್ತ ಹೊರಳಿದರು. ಮೂನ್, ಅಟೆಲಿಯರ್ ಝಡ್ ಮೊದಲಾದ ಚಿಕ್ಕ ತಯಾರಕರ ಕೆಲಸವನ್ನು ಇಂದಿಗೂ ವೃತ್ತಿನಿರತ ವಾದಕರು ಹುಡುಕಿಕೊಂಡು ಹೋಗುತ್ತಾರೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಬ್ಬರು ‘ಲಾಸೂಟ್ ಕಾಲದ ಅಪರೂಪದ ಜಪಾನ್ ಬೇಸ್’ ಎಂದು ಒಂದು ವಾದ್ಯವನ್ನು ಮಾರಾಟಕ್ಕಿಟ್ಟಿದ್ದಾರೆ. ಇನ್ನೊಬ್ಬರ ಬಳಿ ಜೆವಿ ನಂಬರಿನದು ಇದೆಯಂತೆ. ಬೆಲೆ ಎರಡಕ್ಕೂ ಹೆಚ್ಚೇ. ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ? (ಹುಬ್ಬಳ್ಳಿಯ ಓದುಗರು)

ಉತ್ತರ: ‘ಲಾಸೂಟ್’ (ಅಂದರೆ ಮೊಕದ್ದಮೆ) ಎಂಬ ಪದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಗಿಬ್ಸನ್ ಕಂಪನಿಯ ಒಡೆತನ ಹೊಂದಿದ್ದ ನಾರ್ಲಿನ್ ಸಂಸ್ಥೆಯು 1977ರಲ್ಲಿ ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಲಯದಲ್ಲಿ ಐಬನೆಜ್‌ನ ಅಮೆರಿಕ ವಿತರಕರಾದ ಎಲ್ಗರ್ ಮೇಲೆ ದಾವೆ ಹೂಡಿತು. ತಕರಾರು ಇದ್ದದ್ದು ಗಿಬ್ಸನ್ ಮಾದರಿಯ ಹೆಡ್‌ಸ್ಟಾಕ್‌ನ (ನೆಕ್‌ನ ತಲೆಭಾಗದ) ಆಕಾರದ ಬಗ್ಗೆ. ಐಬನೆಜ್ ಅಷ್ಟರಲ್ಲಾಗಲೇ ಆ ಆಕಾರವನ್ನು ಬದಲಿಸಿತ್ತು, ಮತ್ತು 1978ರಲ್ಲಿ ವ್ಯಾಜ್ಯ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ಫೆಂಡರ್ ಆಕಾರದ ಬೇಸ್‌ಗಳಿಗೂ ಆ ಮೊಕದ್ದಮೆಗೂ ಸಂಬಂಧವಿಲ್ಲ. ಎಪ್ಪತ್ತರ ದಶಕದ ನಕಲು ವಾದ್ಯಗಳಲ್ಲಿ ಪದರಗಳನ್ನು ಅಂಟಿಸಿದ ಪ್ಲೈವುಡ್ ಬಾಡಿಯ ಕಳಪೆ ಮಾಲೂ ಸಾಕಷ್ಟಿದೆ. ಹೆಸರಿನ ಮರೆಯಲ್ಲಿ ಅದನ್ನೂ ಮಾರುತ್ತಾರೆ. ಪಿಕಪ್ ತೆಗೆದು ಒಳಗಿನ ಗುಳಿಯ ಅಂಚನ್ನು ನೋಡಿದರೆ ಪದರಗಳು ಕಣ್ಣಿಗೆ ಬೀಳುತ್ತವೆ.

ಜೆವಿ ವಿಷಯದಲ್ಲಿ ನಂಬರ್ ಒಂದರ ಮೇಲೆ ಭಾರ ಹಾಕಬೇಡಿ. ಅದು ನೆಕ್‌ಪ್ಲೇಟಿನ ಮೇಲೆ ಇದ್ದರೆ ಆ ಲೋಹದ ತಗಡಿನ ವಿಷಯವನ್ನಷ್ಟೇ ಹೇಳುತ್ತದೆ, ನೆಕ್ ಮೇಲಿದ್ದರೆ ನೆಕ್‌ನ ವಿಷಯವನ್ನಷ್ಟೇ. ನಾಲ್ಕು ಸ್ಕ್ರೂ ಬಿಚ್ಚಿದರೆ ಫೆಂಡರ್ ಎರಡು ತುಂಡಾಗುತ್ತದೆ. ಒಂದರ ನೆಕ್ ಇನ್ನೊಂದರ ಬಾಡಿಗೆ ಸೇರುವುದು ಬಹಳ ಸುಲಭ. ಮುಂದಿನ ವರ್ಷಗಳ ಸೀರಿಯಲ್ ಅಕ್ಷರಗಳಲ್ಲಿ ಕೆಲವನ್ನು ಮತ್ತೆ ಬಳಸಿರುವುದರಿಂದ ಅಕ್ಷರದಿಂದಲೇ ವರ್ಷವನ್ನು ಖಚಿತವಾಗಿ ಹೇಳಲೂ ಆಗದು. ಆದ್ದರಿಂದ ನೆಕ್ ಬಿಚ್ಚಿ, ಅದರ ಹಿಮ್ಮಡಿಯ (ಬಾಡಿಯೊಳಗೆ ಕೂರುವ ತುದಿಯ) ಮತ್ತು ಬಾಡಿಯ ಗುಳಿಯ ಗುರುತುಗಳನ್ನು, ಪೊಟೆನ್ಷಿಯೋಮೀಟರ್‌ಗಳನ್ನು, ಬೆಸುಗೆಯನ್ನು ತೋರಿಸುವ ಚಿತ್ರಗಳನ್ನು ಕೇಳಿ. ಪ್ರಾಮಾಣಿಕ ಮಾರಾಟಗಾರರು ಕಳಿಸುತ್ತಾರೆ. ಸಂಗ್ರಾಹಕರಾಗಿ ಕೊಳ್ಳುವುದಾದರೆ ಬದಲಾದ ಪ್ರತಿಯೊಂದು ಭಾಗವೂ ಬೆಲೆಯನ್ನು ಇಳಿಸಬೇಕು. ನುಡಿಸಲು ಕೊಳ್ಳುವುದಾದರೆ ಯಾರೋ ಪಿಕಪ್ ಬದಲಿಸಿರುವ ವಾದ್ಯವೇ ನಿಮಗೆ ಲಾಭ.

1997ರ ಆಸುಪಾಸಿನಿಂದ ತಯಾರಿಕೆ ಫುಜಿಗೆನ್‌ನಿಂದ ಟೋಕಾಯ್ ಮತ್ತು ಡೈನಾ ಗಕ್ಕಿ ಕಾರ್ಖಾನೆಗಳಿಗೆ ಹೋದಾಗ ‘ಮೇಡ್ ಇನ್ ಜಪಾನ್’ ಬದಲು ‘ಕ್ರಾಫ್ಟೆಡ್ ಇನ್ ಜಪಾನ್’ ಎಂಬ ಮುದ್ರೆ ಬಂತು. ಇದನ್ನು ಕೆಳದರ್ಜೆಯ ಗುರುತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1998ರಲ್ಲಿ ಬಂದ ಗೆಡ್ಡಿ ಲೀ ಜಾಝ್ ಬೇಸ್ ಆ ಮುದ್ರೆಯದೇ. ಅದರ ತೆಳುವಾದ ನೆಕ್ ಅನ್ನು ಮೆಚ್ಚುವ ವಾದಕರು ಇಂದಿಗೂ ಅದನ್ನು ಕೈಬಿಡುವುದಿಲ್ಲ.

ಖರೀದಿಗೆ ಮುನ್ನ ವಾದ್ಯವನ್ನು ಕೈಯಲ್ಲಿ ಹಿಡಿಯಲು ಸಾಧ್ಯವಾದರೆ ಜಿ ತಂತಿಯನ್ನು ಐದರಿಂದ ಏಳನೆಯ ಫ್ರೆಟ್‌ವರೆಗೆ ಒಂದೊಂದಾಗಿ ಮೀಟಿ, ಯಾವ ಸ್ವರವಾದರೂ ಉಳಿದವುಗಳಿಗಿಂತ ಬೇಗ ಸಾಯುತ್ತದೆಯೇ ಎಂದು ಕೇಳಿಸಿಕೊಳ್ಳಿ. ಫೆಂಡರ್ ವಿನ್ಯಾಸದಲ್ಲಿ ಈ ದೋಷ ಎಲ್ಲ ದೇಶಗಳ ವಾದ್ಯಗಳಲ್ಲೂ ಕಾಣುತ್ತದೆ, ಜಪಾನಿನವಕ್ಕೂ ವಿನಾಯಿತಿ ಇಲ್ಲ. ಬಳಿಕ ಟ್ರಸ್ ರಾಡ್ ಇನ್ನೂ ಎರಡೂ ಕಡೆಗೆ ತಿರುಗುವಷ್ಟು ಅವಕಾಶ ಉಳಿದಿದೆಯೇ ಎಂದು ಪರೀಕ್ಷಿಸಿ. ಪೂರ್ತಿ ಬಿಗಿದು ನಿಂತ ರಾಡ್ ಇರುವ ನೆಕ್ ಎಷ್ಟೇ ಹೆಸರುವಾಸಿಯಾದರೂ ಬೇಡ.

ಪ್ರಶ್ನೆ: ಜಪಾನಿನಿಂದಲೇ ತರಿಸಿದ ಬೇಸ್ ಮಂಗಳೂರಿನ ಮಳೆಗಾಲವನ್ನು ತಡೆಯುತ್ತದೆಯೇ? ರೋಸ್‌ವುಡ್ ಇರುವ ವಾದ್ಯವನ್ನು ತರಿಸಲು ಅನುಮತಿ ಪತ್ರ ಬೇಕೇ? (ಮಂಗಳೂರಿನ ಓದುಗರು)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನಮ್ಮ ಮಲೆನಾಡಿನ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ (ರೋಸ್‌ವುಡ್) ಕುಲದ ಮರಗಳೆಲ್ಲವೂ 2017ರ ಜನವರಿಯಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದ್ದವು. 2019ರ ನವೆಂಬರ್‌ನಿಂದ ಸಿದ್ಧವಾದ ಸಂಗೀತ ವಾದ್ಯಗಳಿಗೆ ಅದರಿಂದ ವಿನಾಯಿತಿ ಇದೆ. ಬ್ರೆಜಿಲ್‌ನ ರೋಸ್‌ವುಡ್‌ಗೆ ಮಾತ್ರ 1992ರಿಂದ ಇರುವ ಕಟ್ಟುನಿಟ್ಟು ಹಾಗೆಯೇ ಮುಂದುವರಿದಿದೆ. ವಾದ್ಯದ ವಿವರದಲ್ಲಿ ಆ ಹೆಸರು ಕಂಡರೆ ಕೊಳ್ಳುವ ಮೊದಲೇ ವಿಚಾರಿಸಿ. ಕಸ್ಟಮ್ಸ್ ಸುಂಕ ಮತ್ತು ತೆರಿಗೆಗಳನ್ನು ವಾದ್ಯದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿಕೊಳ್ಳಿ.

ಮಳೆಗಾಲದ ಮಾತು ಬಂದರೆ, ಒಣ ಹವೆಯಲ್ಲಿ ಹುಟ್ಟಿದ ನೆಕ್ ಕರಾವಳಿಯ ತೇವಕ್ಕೆ ಒಗ್ಗಿಕೊಳ್ಳುವಾಗ ಅಲುಗುವುದು ಸಹಜ. ಬಂದ ಕೂಡಲೇ ಸೆಟಪ್ (ನೆಕ್ ಮತ್ತು ತಂತಿಗಳ ಹೊಂದಾಣಿಕೆ) ಮಾಡಿಸಬೇಡಿ. ತಂತಿಗಳನ್ನು ಶ್ರುತಿಯಲ್ಲೇ ಇಟ್ಟು ಎರಡು ಮೂರು ವಾರ ಕೋಣೆಯ ಹವೆಗೆ ಬಿಡಿ, ಅನಂತರ ತಂತಿಯ ಎತ್ತರವನ್ನು ಹೊಂದಿಸಿ. ಐವತ್ತು, ಅರವತ್ತರ ದಶಕದ ಮಾದರಿಯ ಮರುರೂಪಗಳಲ್ಲಿ ಟ್ರಸ್ ರಾಡ್‌ನ ತುದಿ ನೆಕ್‌ನ ಹಿಮ್ಮಡಿಯಲ್ಲಿರುವುದರಿಂದ ಅದನ್ನು ತಿರುಗಿಸಲು ತಂತಿ ಸಡಿಲಿಸಿ ನೆಕ್ ಅನ್ನೇ ಬಿಚ್ಚಬೇಕಾಗುತ್ತದೆ. ಮಳೆ ಹಿಡಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಈ ಕೆಲಸ ಮಾಡುವುದು ನಿಮಗೆ ಕಷ್ಟವೆನಿಸಿದರೆ, ಹೆಡ್‌ಸ್ಟಾಕ್ ಕಡೆಯಿಂದ ತಿರುಗಿಸಬಹುದಾದ ಯಮಾಹಾ ಅಥವಾ ಐಬನೆಜ್ ಮಾದರಿಯೊಂದನ್ನು ಆರಿಸಿಕೊಳ್ಳುವುದು ನಿಮ್ಮ ಊರಿಗೆ ಹೆಚ್ಚು ಒಪ್ಪುತ್ತದೆ.